ಮೂರರಾಗ ಬೆಸ್ಟ್

ಕುಳಗೇರಿ ಕ್ರಾಸಿನ ಬೋರ್ಡುಗಳನ್ನೆಲ್ಲ ಬರೆದವನು ಪೇಂಟರ್ ಸಂಗಯ್ಯ. ಹೆಂಡತಿ ಹೋದ ಮೇಲೆ ಅಲ್ಲಿನ ಮೂರು ಖಾನಾವಳಿಗಳಲ್ಲಿ ಪಾಳಿ ಹಚ್ಚಿ ಉಣ್ಣುತ್ತಾನೆ. ಬೋರ್ಡು ಬರೆದ ಕೂಲಿಯನ್ನು ಊಟದಲ್ಲೇ ಮುರಿದುಕೊಳ್ಳುವುದು ಅವನ ರೂಢಿ.

ಅವತ್ತು ನಡುವಿನ ಖಾನಾವಳಿಯ ಶಿವಪ್ರಕಾಶ ಬಂದು, "ಮೂರರಾಗ ನಮ್ದ ಬೆಸ್ಟ್ ಅಂತ ಇಂಗ್ಲಿಷಿನ್ಯಾಗ ಬರೀರಿ ಸಂಗಯ್ಯಾರ" ಎಂದ. 'ಬೆಸ್ಟ್' ಬರೆದದ್ದಾಯಿತು, ಕುಂಚ ಅಲ್ಲೇ ನಿಂತಿತು. ಮುಂದೆ 'ಇನ್' ಹಾಕಬೇಕೋ, 'ಆಫ್' ಹಾಕಬೇಕೋ? ಬಾದಾಮಿಯಲ್ಲಿ ಇಂಗ್ಲಿಷ್ ಕಲಿಸುವ ಮಗಳು ಬಸವೇಶ್ವರಿಗೆ ಫೋನ್ ಹಚ್ಚಿದ.

"ಊರಾಗ ಬೆಸ್ಟ್ ಅನ್ನಾಕ ಇನ್, ಮೂರರಾಗ ಬೆಸ್ಟ್ ಅನ್ನಾಕ ಆಫ್, ಅಪ್ಪಾ."

"ಊರಾಗ, ಮೂರರಾಗ, ಎರಡೂ ಒಂದ ನಮೂನಿ ಅದಾವಲ್ಲ! ಈ ಸುಡಗಾಡ ಭಾಷಾಕ್ಕ ಎರಡ ಯಾಕ ಬೇಕು?" ಎಂದು ಸಿಡುಕಿದ ಸಂಗಯ್ಯ. ಆದರೂ 'ಆಫ್' ಬರೆದು, ಬೋರ್ಡು ಏರಿಸಿ, ನಿಚ್ಚಣಿಕೆ ಇಳಿದ.

ಆಚೀಚೆ ಖಾನಾವಳಿಗಳ ಮಾಲೀಕರಿಬ್ಬರೂ ತಮ್ಮ ತಮ್ಮ ಬಾಗಿಲಲ್ಲಿ ನಿಂತು, ಬೋರ್ಡನ್ನು ಬಿಟ್ಟು ಅವನನ್ನೇ ನೋಡುತ್ತಿದ್ದರು. ಸಂಗಯ್ಯ ಮತ್ತೆ ಫೋನ್ ಹಚ್ಚಿದ.

"ಯವ್ವಾ, ಇಂಗ್ಲಿಷ್ ಬರೋಬ್ಬರಿ ಆತು. ಇವತ್ತ ಶಿವಪ್ರಕಾಶನ ಪಾಳಿ, ಉಣ್ತೇನಿ. ನಾಳಿ ಎಲ್ಲಿ ಉಣ್ಲಿ?"