ರೊಪ್ಪದ ಕಲ್ಲುಕಂಬ

“ಊರಿನವರು ನಮ್ಮ ಮೇಲೆ ಕಲ್ಲು ಎಸೆದರು. ದೇವರ ಸೇವಕನು ಕಣ್ಣೀರಿನೊಂದಿಗೆ ಆ ಕಲ್ಲುಗಳನ್ನೇ ಆರಿಸಿ ಆಲಯವನ್ನು ಕಟ್ಟಿದನು.”

ನಮ್ಮ ಚರ್ಚಿನ ಹುಟ್ಟಿನ ಬಗ್ಗೆ ಈಗ ಚಾಲ್ತಿಯಲ್ಲಿರುವ ಕಥೆ ಇದು. ಪ್ರತಿ ವಾರ್ಷಿಕೋತ್ಸವದಲ್ಲಿ ಇದನ್ನು ಮೈಕಿನಲ್ಲಿ ಹೇಳುತ್ತಾರೆ. ಶಿರಾದಿಂದ, ಕೊರಟಗೆರೆಯಿಂದ ಬಂದ ಅತಿಥಿಗಳು “ಆಮೆನ್” ಎನ್ನುತ್ತಾರೆ, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಕಳೆದ ವರ್ಷ ಇದನ್ನು ಕಪ್ಪು ಗ್ರಾನೈಟಿನಲ್ಲಿ ಕೆತ್ತಿಸಿ, ಅಕ್ಷರಗಳಿಗೆ ಚಿನ್ನದ ಬಣ್ಣ ತುಂಬಿಸಿ, ಬಾಗಿಲಿನ ಪಕ್ಕದ ಗೋಡೆಗೆ ಕೂರಿಸಿದ್ದಾರೆ. ಕೇಳಲು ಸೊಗಸಾಗಿದೆ. ಆದರೆ ಇದು ಸುಳ್ಳು. ಆ ಗೋಡೆ ಏಳುವಾಗ ನಾನು ಮಣ್ಣು ಕಲಸುತ್ತಿದ್ದೆ, ನನ್ನ ಮೇಲೆ ಒಂದು ಹರಳೂ ಬೀಳಲಿಲ್ಲ.

ನಾನು ಮಧುಗಿರಿಯಲ್ಲಿ ಸೈಕಲ್ ರಿಪೇರಿ ಮಾಡಿಕೊಂಡು ಬದುಕಿದವನು. ಶಾಲೆ ಕಂಡದ್ದು ನಾಲ್ಕನೆಯ ತರಗತಿಯವರೆಗೆ. ಆಮೇಲಿನದ್ದನ್ನೆಲ್ಲ ಅಂಗಡಿಯಲ್ಲಿ ಕೂತು, ಕೈಗೆ ಸಿಕ್ಕಿದ್ದನ್ನು ಓದಿ ಕಲಿತೆ. ಅಚ್ಚಾದ ಮಾತ್ರಕ್ಕೆ ಯಾವುದೂ ನಿಜವಾಗುವುದಿಲ್ಲ ಎಂಬುದನ್ನೂ ಆ ಓದೇ ಕಲಿಸಿತು. ಈಗ ಕೆತ್ತಿದ್ದಕ್ಕೂ ಅದೇ ಮಾತು ಸಲ್ಲುತ್ತದೆ ಎನ್ನಬೇಕಾಗಿ ಬಂದಿದೆ.

ನಮ್ಮದು ಮಧುಗಿರಿಯಿಂದ ಪಾವಗಡಕ್ಕೆ ಹೋಗುವ ದಾರಿಯಲ್ಲಿ, ಬಂಡೆಗಳ ಬುಡದಲ್ಲಿರುವ ಸಣ್ಣ ಊರು. ಪಾವಗಡದ ಕಡೆ ಸೋಲಾರ್ ಪ್ಲಾಂಟು ಎದ್ದು, ನಮ್ಮ ಹುಡುಗರು ಅಲ್ಲಿ ಕಾವಲು ಕೆಲಸಕ್ಕೆ ಸೇರುತ್ತಿದ್ದ ಕಾಲ. ಕ್ರಿಸ್ತನನ್ನು ನಂಬಿದ್ದ ನಾಲ್ಕಾರು ಮನೆಗಳವರು ನನ್ನ ಅಂಗಳದಲ್ಲಿ ಸೇರುತ್ತಿದ್ದೆವು. ಪಟ್ಟಣದಿಂದ ಪಾಸ್ಟರರು ಭಾನುವಾರ ಬೈಕಿನಲ್ಲಿ ಬಂದು ಪ್ರಾರ್ಥನೆ ನಡೆಸಿ ಹೋಗುತ್ತಿದ್ದರು. ಅಂಗಳದಲ್ಲಿ ನೆರಳಿರಲಿಲ್ಲ. ಪಕ್ಕದಲ್ಲೇ ನೆರೆಯ ಹಿರಿಯ ಕುರಿಗಾರನ ಹಳೆಯ ರೊಪ್ಪವಿತ್ತು. ರೊಪ್ಪವೆಂದರೆ ರಾತ್ರಿ ಕುರಿ ಕೂಡುವ ಕಲ್ಲುಗೋಡೆಯ ದೊಡ್ಡಿ. ಅವನು ಹೊಸ ರೊಪ್ಪ ಕಟ್ಟಿಕೊಂಡಿದ್ದರಿಂದ ಹಳೆಯದು ಖಾಲಿ ಬಿದ್ದಿತ್ತು. ಕೇಳಲು ನಮಗೆ ಅಂಜಿಕೆ. ತನ್ನ ಕುಲದೇವರ ಪೂಜೆಯಲ್ಲಿ ಮೊದಲ ಕಾಯಿ ಒಡೆಯುವ ಮನೆತನ ಅವನದು. ಒಂದು ದಿನ ಅವನೇ ಬೇಲಿಯ ಆಚೆ ನಿಂತು ಕೇಳಿದ.

“ಲೇ ತಮ್ಮ, ನಿಮ್ ದೇವ್ರೂ ಕುರಿ ಕಾಯೋನಂತಲ್ಲಾ?”

“ಹೂಂ ಅಣ್ಣಯ್ಯ, ಅಂಗಂತ ಬರ್ದೈತೆ.”

“ಮತ್ತೆ ಕುರಿ ಕಾಯೋನ್ನ ಬಿಸ್ಲಾಗೆ ನಿಲ್ಸ್ಕಂಡು ನೀವು ಹಾಡ್ಕಂತಾ ಕುಂತಿದ್ದೀರಲ್ಲ, ನಾಚ್ಕೆ ಆಗಾಕಿಲ್ವಾ? ಹಳೇ ರೊಪ್ಪ ತಗಳ್ರಿ. ಗೊಬ್ರ ಮಾತ್ರ ನಂದು ಕಣ್ಲಾ.”

ನಮ್ಮ ಚರ್ಚು ಹುಟ್ಟಿದ್ದು ಈ ಮಾತಿನಿಂದ. ಗ್ರಾನೈಟಿನಲ್ಲಿ ಇದಕ್ಕೆ ಒಂದು ಸಾಲಿನ ಜಾಗವೂ ಸಿಕ್ಕಿಲ್ಲ.

ಗೊಬ್ಬರ ತೆಗೆದು, ಅದೇ ಜಾಗದಲ್ಲಿ ಗೋಡೆ ಎತ್ತುವುದೆಂದಾಯಿತು. ನಮ್ಮ ಕಡೆ ಇಂಥ ಕೆಲಸ ನಡೆಯುವುದು ಮುಯ್ಯಾಳಿನಲ್ಲಿ. ಇಂದು ನೀವು ನನ್ನ ಕೆಲಸಕ್ಕೆ ಬಂದರೆ ನಿಮ್ಮ ಕೆಲಸದ ದಿನ ನಾನು ಬರಬೇಕು. ಕೂಲಿಯಿಲ್ಲ, ಊಟ ಮಾತ್ರ. ಕುರಿಗಾರನ ಕೇರಿಯವರು ಮುಯ್ಯಾಳಿಗೆ ಒಪ್ಪಿದರು. ಆದರೆ ಅವರ ಗಂಡುಮಕ್ಕಳು ಸೋಲಾರಿನಲ್ಲಿ, ಹೆಣ್ಣುಮಕ್ಕಳು ಗಾರ್ಮೆಂಟ್ಸಿನಲ್ಲಿ ದುಡಿಯುವವರು. ಎಲ್ಲರಿಗೂ ಒಟ್ಟಿಗೆ ಬಿಡುವು ಸಿಗುವುದು ಭಾನುವಾರ ಒಂದೇ. ನಾವೋ ಭಾನುವಾರ ಕಡ್ಡಿ ಎತ್ತಿಡುವುದೂ ಪಾಪವೆಂದು ಆಗಷ್ಟೇ ಕಲಿತಿದ್ದ ಹೊಸ ಭಕ್ತರು.

ಹಾಗಾಗಿ ಮೊದಲ ಭಾನುವಾರ ನಡೆದದ್ದು ಇಷ್ಟು. ನಾವು ಹಳೆಯ ರೊಪ್ಪದ ನಡುವೆ ಕಟ್ಟಿದ ಟಾರ್ಪಾಲಿನ ಕೆಳಗೆ ಕಣ್ಣು ಮುಚ್ಚಿ ಕೂತೆವು. ನಮ್ಮ ಸುತ್ತ ಅವರು ಹಾರೆ ಹಿಡಿದು ಪಾಯ ತೋಡಿದರು. ಪ್ರಾರ್ಥನೆ ಮುಗಿಯುವ ಲಕ್ಷಣ ಕಾಣಲಿಲ್ಲ. ಪಾವಗಡದ ತೆಲುಗು ಗಡಿಯಿಂದ ಸೊಸೆಯಾಗಿ ಬಂದಿದ್ದ ಕುರಿಗಾರನ ಹೆಂಡತಿ ಮಣ್ಣು ಹೊರುತ್ತಿದ್ದ ಮಂಕರಿ ಕೆಳಗಿಟ್ಟು ಸೊಂಟದ ಮೇಲೆ ಕೈಯಿಟ್ಟಳು.

“ಏಮಮ್ಮಾ, ಇದ್ಯಾವ ಭಕ್ತಿ! ಗುಡಿ ನಿಮ್ದು, ಬೆವ್ರು ನಮ್ದಾ? ನಿಮ್ ದೇವ್ರು ಕಣ್ ಬುಟ್ಟೇ ಇರ್ತಾನೆ, ನೀವ್ಯಾಕೆ ಮುಚ್ಕಂಡಿದ್ದೀರಿ?”

ಮೊದಲು ಕಣ್ಣು ಬಿಟ್ಟವಳು ನನ್ನ ಹೆಂಡತಿ. ನಗು ತಡೆಯಲಾರದೆ ಎದ್ದಳು, ಸೆರಗು ಸಿಕ್ಕಿಸಿಕೊಂಡು ಮಂಕರಿಗೆ ಕೈಹಾಕಿದಳು. ಒಬ್ಬರ ಹಿಂದೆ ಒಬ್ಬರು ನಾವೂ ಎದ್ದೆವು. ಪಾಸ್ಟರರು ಕಣ್ಣು ತೆರೆದಾಗ ಟಾರ್ಪಾಲಿನ ಕೆಳಗೆ ಅವರೊಬ್ಬರೇ ಇದ್ದರು. ಅವರಿಗೆ ಸಿಟ್ಟು ಬಂತು, ನಮ್ಮನ್ನು ಗದರಿಸಿದರು. ಆದರೆ ಮುಂದಿನ ಭಾನುವಾರದಿಂದ ನಾವು ಬೆಳಗ್ಗೆಯೇ ಪ್ರಾರ್ಥನೆ ಮುಗಿಸಿ, ಬಿಸಿಲೇರುವ ಹೊತ್ತಿಗೆ ಅವರ ಜೊತೆ ಕೈ ಜೋಡಿಸುವುದನ್ನು ಕಲಿತೆವು. ಸಭೆ ಕಟ್ಟುವುದರಲ್ಲಿ ನಮಗೆ ಸಿಕ್ಕ ಮೊದಲ ಪಾಠ ಇದು. ಕಲಿಸಿದವಳು ಎಂದೂ ನಮ್ಮ ಹಾಡು ಹಾಡಿದವಳಲ್ಲ.

ಗೋಡೆ ಎದ್ದಿತು. ಹೊಸ್ತಿಲಿಗೆ ಹೊಂದುವ ಉದ್ದ ಕಲ್ಲು ಮಾತ್ರ ಸಿಗಲಿಲ್ಲ. ಕುರಿಗಾರ ಅತ್ತಿತ್ತ ನೋಡಿ, ನೇರವಾಗಿ ತನ್ನ ಹೊಸ ರೊಪ್ಪಕ್ಕೆ ನಡೆದ. ಅದರ ಬಾಯಿಯ ಎಡಬಲಕ್ಕೆ ಎರಡು ಕಲ್ಲುಕಂಬಗಳಿದ್ದವು. ಅಡ್ಡಗೋಲು ತೂರಿಸಲು ಒಂದೊಂದರಲ್ಲೂ ಮೂರು ತೂತು. ಅವುಗಳಲ್ಲಿ ಒಂದನ್ನು ಹಾರೆ ಹಾಕಿ ಅಲ್ಲಾಡಿಸತೊಡಗಿದ.

“ರೊಪ್ಪಕ್ಕೆ ಬಾಗ್ಲು ಯಾರು? ನೀನೇ ಅಡ್ಡ ಮಲಗ್ತೀಯಾ?” ಎಂದು ಹೆಂಡತಿ ಕೂಗಿದಳು.

“ಮಲಗಿದ್ರಾಯ್ತು ಬುಡು. ತೋಳ ನನ್ ಮಕ ನೋಡಿದ್ರೆ ವಾಪಸ್ ಹೋಯ್ತದೆ.”

ಆ ಕಂಬವನ್ನು ಬಿದಿರಿಗೆ ಹಗ್ಗ ಬಿಗಿದು ನಾಲ್ಕು ಜನ ಹೆಗಲ ಮೇಲೆ ಹೊತ್ತು ತಂದೆವು. ಹಿಂದಿನ ಹೆಗಲುಗಳಲ್ಲಿ ಒಂದು ನನ್ನದು. ತೂತುಗಳು ಮೇಲೆ ಕಾಣುವಂತೆ ಅದನ್ನು ಮಲಗಿಸಿದೆವು. ಅವನು ತನ್ನ ರೊಪ್ಪದ ಬಾಯಿಗೆ ಜಾಲಿಮುಳ್ಳು ಜಡಿದುಕೊಂಡ.

ಹಾಗಾದರೆ ಎಸೆದ ಕಲ್ಲಿನ ಕಥೆ ಎಲ್ಲಿಂದ ಬಂತು? ಅದನ್ನೂ ಬಲ್ಲೆ. ಚರ್ಚಿನ ಹಿಂದೆ ಒಂದು ಹುಣಸೆಮರವಿದೆ. ಕಾಯಿ ಬೀಳಿಸಲು ಮಕ್ಕಳು ಎಸೆದ ಕಲ್ಲು ಒಮ್ಮೆ ನಮ್ಮ ಮಾಡಿನ ಮೇಲೆ ಬಿದ್ದು ಶೀಟು ಸೀಳಿತು. ಆ ಮಕ್ಕಳಲ್ಲಿ ನಮ್ಮ ಸಭೆಯವರ ಮಕ್ಕಳೂ ಇದ್ದರು. ಪಾಸ್ಟರರು ಇದನ್ನು ಪಟ್ಟಣದ ಒಂದು ಕೂಟದಲ್ಲಿ ಹೇಳಿದರು. ಮೊದಲ ವರ್ಷ “ಒಂದು ಕಲ್ಲು” ಇತ್ತು. ಮರುವರ್ಷ “ಕಲ್ಲುಗಳು” ಆದವು. ಆಮೇಲೆ ಹುಣಸೆಮರ ಕಾಣೆಯಾಗಿ ಗುಂಪು ಬಂತು. ಕಲ್ಲೇಟು ತಿಂದ ಸಭೆಗಳು ಬೇರೆ ಕಡೆ ನಿಜವಾಗಿಯೂ ಇವೆ. ಅವರ ಗಾಯವನ್ನು ನಾವು ಎರವಲು ತಂದು ಮೆರೆಯುತ್ತಿದ್ದೇವೆ. ಇದಕ್ಕಿಂತ ಹೇಸಿಗೆಯ ಕಳ್ಳತನವನ್ನು ನಾನು ಕಂಡಿಲ್ಲ.

ಗ್ರಾನೈಟಿನ ಪರದೆ ಸರಿಸಿದ ದಿನ ಕುರಿಗಾರನನ್ನು ಊಟಕ್ಕೆ ಕರೆದಿದ್ದೆವು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಅವನಿಗೆ ಓದು ಬರದು, ಆದರೆ ಬರಹವನ್ನು ಮೈಕಿನಲ್ಲೇ ಓದಿದರು. ಪಂಕ್ತಿಯಲ್ಲಿ ಅವನ ಮುಂದೆ ಎಲೆ ಹಾಸಿತ್ತು. ಅನ್ನ ಬೀಳುವ ಮೊದಲೇ ಎದ್ದ. ಹಾಸಿದ ಎಲೆ ಬಿಟ್ಟು ಏಳುವುದೆಂದರೆ ನಮ್ಮ ಕಡೆ ಉಣಬಡಿಸುವವರ ಸಂಬಂಧವನ್ನೇ ಕಡಿದುಕೊಂಡಂತೆ. ನಾನು ಗೇಟಿನವರೆಗೆ ಓಡಿದೆ.

“ಅಣ್ಣಯ್ಯ, ಅದು ನಿನ್ ಬಗ್ಗೆ ಹೇಳಿದ್ದಲ್ಲ...”

“ಊರ್ನೋರು ಅಂದ್ರೆ ಯಾರ್ಲಾ? ಊರಾಗಿರೋರು ನಾವೇ ಅಲ್ವಾ? ಅಂಗಾದ್ರೆ ಒಂದ್ ಕೆಲ್ಸ ಮಾಡ್ರಿ. ನಾನೆಸ್ದ ಕಲ್ಲು ನಂಗೆ ವಾಪಸ್ ಕೊಡ್ರಿ. ರೊಪ್ಪಕ್ಕೆ ಇನ್ನೂ ಮುಳ್ಳೇ ಐತೆ.”

ಮುದುಕನ ಹೆಸರು ಕೆಟ್ಟಿತ್ತು. ಕೆಡಿಸಿದವರು ನಾವು, ಅದೂ ಅವನ ಕಲ್ಲನ್ನೇ ತುಳಿದು ಒಳಗೆ ಹೋಗುವ ನಾವು.

ಮರುದಿನ ಚರ್ಚಿನ ಕಮಿಟಿಯಲ್ಲಿ ಕೇಳಿದೆ: ಬರಹ ತೆಗೆಯಿರಿ, ಇಲ್ಲವೇ ಕಲ್ಲು ಹಿಂದಿರುಗಿಸಿ. ಪಾಸ್ಟರರು ನಕ್ಕರು.

“ಅಯ್ಯಾ, ಇದು ಸಾಕ್ಷಿ. ಕೇಳಿದವರ ವಿಶ್ವಾಸ ಬಲವಾಗ್ತದೆ. ಒಂದು ಮಾತು ಹೆಚ್ಚುಕಡಿಮೆ ಆದ್ರೆ ಏನಾಯ್ತು?”

“ಸುಳ್ಳುಸಾಕ್ಷಿ ಹೇಳಬಾರದು ಅನ್ನೋದೂ ನಿಮ್ಮ ಕೈಯಲ್ಲಿರೋ ಪುಸ್ತಕದಲ್ಲೇ ಐತೆ.”

“ನೀವು ಎಷ್ಟು ಓದಿದ್ದೀರಿ?”

“ನಾಲ್ಕನೇ ಕ್ಲಾಸು. ಆ ಸಾಲು ಓದಾಕೆ ಅಷ್ಟೇ ಸಾಕಾಯ್ತು.”

ಕಮಿಟಿಯವರು ಪಾಸ್ಟರರ ಕಡೆಗೇ ನಿಂತರು. ಆಗಿದ್ದು ಆಗಿಹೋಯಿತು ಎಂದರು.

ಆ ಭಾನುವಾರ ಪ್ರಾರ್ಥನೆ ಮುಗಿದೊಡನೆ ನಾನು ಹೊರಗೆ ಬಂದು ಹೊಸ್ತಿಲ ಬುಡಕ್ಕೆ ಹಾರೆ ಹಾಕಿದೆ. ಒಳಗಿದ್ದವರು ದಾಟಲಾರದೆ ಬಾಗಿಲಲ್ಲೇ ಗುಂಪುಗಟ್ಟಿದರು. ಪಾಸ್ಟರರು ಕೂಗಿದರು. ನನ್ನ ಹಿಂದೆಯೇ ಹೊರಗೆ ಬಂದಿದ್ದ ನನ್ನ ಹೆಂಡತಿ ಮಣ್ಣು ಎಳೆಯಲು ಕೂತಳು. ಗದ್ದಲ ಕೇಳಿ ಕುರಿಗಾರ ಬಂದು ನನ್ನ ಕೈಯಿಂದ ಹಾರೆ ಕಿತ್ತುಕೊಂಡ.

“ಥೂ, ಬುದ್ಧಿಗೇಡಿ! ಹೊಸ್ಲು ಯಾರಾದ್ರೂ ಕೀಳ್ತಾರೇನ್ಲಾ? ದೇವ್ರು ಯಾರ್ದಾದ್ರೇನು, ಹೊಸ್ಲು ಹೊಸ್ಲೇ.”

“ಮತ್ತೆ ನಿನ್ ರೊಪ್ಪ?”

“ಮುಯ್ಯಿ ತೀರ್ಸಾಕೆ ನಿಮ್ಗೆ ಕೈ ಇಲ್ವಾ?”

ಅಂದೇ, ಪಾಸ್ಟರರು ನೋಡುತ್ತಿದ್ದಂತೆ, ಒಳಗಿದ್ದವರಲ್ಲಿ ಅರ್ಧದಷ್ಟು ಜನ ಅವನ ರೊಪ್ಪಕ್ಕೆ ಹೋದೆವು. ಮುಳ್ಳು ಕಿತ್ತು, ಕಂಬ ಹೋಗಿದ್ದ ಕಡೆ ಕಲ್ಲುಗೋಡೆ ಎತ್ತಿ, ಅದರ ಸಂದಿಗೆ ಅಡ್ಡಗೋಲು ಕೂಡುವಂತೆ ಮಾಡಿದೆವು. ಸಂಜೆ ಅವನ ಹೆಂಡತಿ ಮುದ್ದೆ ಬಡಿಸುತ್ತಾ ಅಂದಳು: “ಉಣ್ರಮ್ಮಾ, ಉಣ್ರಿ, ಕಲ್ಲೆಸೆಯೋರ ಮನೆ ಮುದ್ದೆ!” ಉಂಡೆವು.

ಕುರಿಗಾರ ಆಮೇಲೆ ನಮ್ಮ ಗೇಟು ದಾಟಿಲ್ಲ. ಗ್ರಾನೈಟು ಇನ್ನೂ ಗೋಡೆಯ ಮೇಲಿದೆ. ಬರುವ ವಾರ್ಷಿಕೋತ್ಸವಕ್ಕೂ ಅದನ್ನೇ ಓದುತ್ತಾರೆ. ಓದುವ ಹೊತ್ತಿಗೆ ನಾನು ಎದ್ದು ನಿಂತು ಇದು ಸುಳ್ಳು ಎನ್ನುತ್ತೇನೆ, ಅದನ್ನೂ ಕಮಿಟಿಗೆ ಹೇಳಿದ್ದೇನೆ.

ನನ್ನ ಮಾತನ್ನೂ ನಂಬಬೇಡಿ. ಮಧುಗಿರಿಯಲ್ಲಿ ಪಾವಗಡದ ಬಸ್ಸು ಹತ್ತಿ, ಬಂಡೆಗಳ ಬುಡದಲ್ಲಿ ಹುಣಸೆಮರದ ಪಕ್ಕ ಚರ್ಚು ಕಂಡಲ್ಲಿ ಇಳಿಯಿರಿ. ಮೊದಲು ಗ್ರಾನೈಟು ಓದಿ. ಆಮೇಲೆ ಬಗ್ಗಿ ಹೊಸ್ತಿಲನ್ನು ನೋಡಿ: ಮೂರು ತೂತು, ಅಂಚುಗಳು ಕೋಲು ಉಜ್ಜಿ ನುಣುಪಾಗಿವೆ. ಅವುಗಳ ನಡುವಿನ ಅಂತರವನ್ನು ಒಂದು ದಾರದಲ್ಲಿ ಅಳೆದುಕೊಂಡು ಬೇಲಿಯ ಆಚೆಗಿನ ರೊಪ್ಪಕ್ಕೆ ಹೋಗಿ. ಅದರ ಬಾಯಲ್ಲಿ ಈಗಲೂ ಒಂಟಿ ಕಲ್ಲುಕಂಬ ನಿಂತಿದೆ. ದಾರವನ್ನು ಅದರ ತೂತುಗಳಿಗೆ ಹಿಡಿದು ನೋಡಿ. ಕಂಬಳಿ ಹೊದ್ದ ಮುದುಕ ಅಲ್ಲೇ ಎಲ್ಲೋ ಇರುತ್ತಾನೆ. ಕಿವಿ ಸ್ವಲ್ಪ ಮಂದ, ಗಟ್ಟಿಯಾಗಿ ಕೇಳಿ.