ಚೊಲೋ ಆಜು, ತಮಾ

ಎರಡೂ ಕೈಯ ಬಳೆಗಳನ್ನು ಮೊಣಕೈವರೆಗೆ ಏರಿಸಿ, ಜಾರಿ ಬರದಂತೆ ರಬ್ಬರ್ ಬ್ಯಾಂಡ್ ಸಿಕ್ಕಿಸಿಕೊಂಡೇ ಅಕ್ಕೋರು ಕಂಪ್ಯೂಟರಿನ ಮುಂದೆ ಕೂರುತ್ತಿದ್ದುದು. ಕೀಲಿ ಒತ್ತುವಾಗ ಬಳೆ ಸದ್ದು ಮಾಡಿದರೆ ಅವರಿಗೆ ತಲೆ ಓಡುವುದಿಲ್ಲವಂತೆ. ಅವರನ್ನು ಅಣಕಿಸಲು ನಾನೂ ಒಮ್ಮೆ ತಂಗಿಯ ಬಳೆ ಏರಿಸಿಕೊಂಡು ಹೋಗಿ, ಅದು ಇಳಿಯದೆ, ಕೈಗೆ ಸೋಪು ಹಚ್ಚಿಸಿಕೊಂಡು ಬಿಡಿಸಿಕೊಂಡವನು. ಅದು ನನ್ನ ಚಿಕ್ಕ ಮೂರ್ಖತನ. ದೊಡ್ಡದನ್ನೂ ಈಗಲೇ ಹೇಳಿಬಿಡುತ್ತೇನೆ: ಪ್ರೋಗ್ರಾಮ್ ಸರಿಯಿದೆಯೇ ಎಂದು ನೋಡಬೇಕಿದ್ದ, ಆದರೆ ಏನನ್ನೂ ಪರೀಕ್ಷಿಸದ ಪರೀಕ್ಷೆಯೊಂದನ್ನು ಬರೆದು, ಅದರ ಬಾಯಲ್ಲಿ ಅಕ್ಕೋರ ದನಿ ಇಟ್ಟವನು ನಾನೇ.

ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಇವರು ಶಿರಸಿಯಲ್ಲಿ ಬಟ್ಟೆ ಅಂಗಡಿಯೊಂದರ ಮಾಳಿಗೆಯಲ್ಲಿ ಕಂಪ್ಯೂಟರ್ ಕಲಿಸುತ್ತ, ಜೊತೆಗೆ ಸಣ್ಣಪುಟ್ಟ ಪ್ರೋಗ್ರಾಮ್ ಬರೆದುಕೊಡುತ್ತಿದ್ದರು. ಎರಡು ಸಾವಿರದ ಆಚೀಚಿನ ಮಾತು. "ಆತು ಅಕ್ಕೋರೆ" ಎಂದು ಯಾರೇ ಹೇಳಲಿ, ಅವರದು ಒಂದೇ ಉತ್ತರ: "ಹೌದಾ? ಹಾಳ್ಮಾಡಿ ತೋರ್ಸು ನೋಡನ." ಸರಿಯಿದ್ದದ್ದನ್ನು ಬೇಕೆಂದೇ ಕೆಡಿಸಬೇಕು, ಆಗ ಪರೀಕ್ಷೆ ತಪ್ಪಿದೆಯೆಂದು ಕೂಗಿಕೊಂಡರೆ ಮಾತ್ರ ಅದನ್ನು ನಂಬಬೇಕು. ಮನುಷ್ಯರಿಗೂ ಇದೇ ನಿಯಮ. ಒಮ್ಮೆ ಮಧ್ಯಾಹ್ನ ನಮಗೆಲ್ಲ ಉಪ್ಪೇ ಹಾಕದ ತಂಬುಳಿ ಬಡಿಸಿದರು. ಊಟಕ್ಕೆ ಕೂತವರು "ಚೊಲೋ ಆಜು" ಅನ್ನುವುದು, ಅಂದರೆ ಚೆನ್ನಾಗಿದೆ ಅನ್ನುವುದು, ನಮ್ಮಲ್ಲಿ ಮರ್ಯಾದೆ. ನಾನು ಪುರೋಹಿತರ ದನಿಯಲ್ಲಿ ಎರಡೆರಡು ಸಲ ಅಂದೆ. ಅಕ್ಕೋರು ಉಪ್ಪಿನ ಭರಣಿ ತಂದು ನನ್ನ ಎಲೆಯ ಮುಂದಿಟ್ಟು ಹೋದರು. ಅವರ ಬಾಯಿಂದ ಮಾತ್ರ ಆ ಎರಡು ಶಬ್ದಗಳನ್ನು ಯಾರೂ ಕೇಳಿರಲಿಲ್ಲ.

ಸಿದ್ದಾಪುರದ ಆಸ್ಪತ್ರೆಯೊಂದಕ್ಕೆ ಔಷಧಿ ದಾಸ್ತಾನಿನ ಪ್ರೋಗ್ರಾಮ್ ಬರೆಯುವ ಅವಕಾಶ ಬಂತು. ಅವಧಿ ಮೀರಿದ ಮಾತ್ರೆಗಳನ್ನು ಅದು ತಾನಾಗಿ ಹೆಕ್ಕಿ ತೋರಿಸಬೇಕು. ಹುಬ್ಬಳ್ಳಿಯ ಕಂಪನಿಯೊಂದರವರೂ ಅದೇ ಕೆಲಸಕ್ಕೆ ಕಾದಿದ್ದರು. ಇದೂ ಕೈತಪ್ಪಿದರೆ ಮಾಳಿಗೆ ಖಾಲಿ ಮಾಡುತ್ತೇನೆಂದು ಅಕ್ಕೋರು ಮನೆಯಲ್ಲಿ ಮಾತು ಕೊಟ್ಟಿದ್ದರು.

ಪರೀಕ್ಷೆಗಳನ್ನು ಶೆಲ್ ಸ್ಕ್ರಿಪ್ಟಿನಲ್ಲಿ, ಅಂದರೆ ಕಂಪ್ಯೂಟರ್ ಒಂದೊಂದಾಗಿ ಪಾಲಿಸುವ ಆಜ್ಞೆಗಳ ಪಟ್ಟಿಯಲ್ಲಿ, ಸಾಲಾಗಿ ಬರೆದಿಟ್ಟು ಒಮ್ಮೆಗೇ ಓಡಿಸುತ್ತಿದ್ದೆವು. ಪ್ರತಿ ಪರೀಕ್ಷೆಯಲ್ಲೂ ಅದದೇ ಸಾಲು ಬರೆಯುವ ಬದಲು, ಬರಬೇಕಾದ ಉತ್ತರವನ್ನೂ ಬಂದ ಉತ್ತರವನ್ನೂ ಹೋಲಿಸುವ ಸಹಾಯಕ ಫಂಕ್ಷನ್ ಒಂದನ್ನು ಬರೆಯಲು ನನಗೆ ಹೇಳಿದರು. ಬರೆದೆ. ಎರಡೂ ಒಂದೇ ಆಗಿದ್ದರೆ ತೆರೆಯ ಮೇಲೆ "ಚೊಲೋ ಆಜು, ತಮಾ" ಎಂದು ಬರುವಂತೆಯೂ ಮಾಡಿದೆ. ತಮಾ, ಅಂದರೆ ತಮ್ಮಾ, ಎಂದೇ ಅಕ್ಕೋರು ನನ್ನನ್ನು ಕರೆಯುತ್ತಿದ್ದುದು. ಸಿದ್ದಾಪುರಕ್ಕೆ ಹೊರಡುವ ಹಿಂದಿನ ದಿನ ಓಡಿಸಿದರೆ ಮೇಲಿಂದ ಕೆಳಗಿನವರೆಗೆ ಚೊಲೋ ಆಜು. ಸಾಲು ಬಂದ ಹಾಗೆ ನಾನು ಅಕ್ಕೋರ ದನಿಯಲ್ಲಿ ಓದಿದೆ. ಮಾಳಿಗೆಯೆಲ್ಲ ನಕ್ಕಿತು.

ಅಕ್ಕೋರೂ ನಕ್ಕರು. ಆಮೇಲೆ ಬಳೆ ಏರಿಸಿ, ಪ್ರೋಗ್ರಾಮಿನ ಫೈಲನ್ನೇ ಬೇರೆ ಕಡೆಗೆ ಸರಿಸಿ, ಪರೀಕ್ಷೆಯನ್ನು ಮತ್ತೆ ಓಡಿಸಿದರು. ಮತ್ತೆ ಮೇಲಿಂದ ಕೆಳಗಿನವರೆಗೆ ಚೊಲೋ ಆಜು.

"ಪ್ರೋಗ್ರಾಮೇ ಇಲ್ಲೆ. ಎಂತದು ಚೊಲೋ ಆಜು?"

ಹೋಲಿಸಿದ ಮೇಲೆ ಅದರ ಫಲವನ್ನು ಒಂದು ಫೈಲಿಗೆ ಬರೆದಿಡುವ ಸಾಲನ್ನು ನಾನು ಸೇರಿಸಿದ್ದೆ. ಕೊನೆಗೆ ಮಾಡಿದ ಕೆಲಸ ನೆಟ್ಟಗಾಯಿತೇ ಎಂಬುದನ್ನಷ್ಟೇ ಶೆಲ್ ಹೇಳುತ್ತದೆ. ಬರೆದಿಡುವ ಕೆಲಸ ಯಾವಾಗಲೂ ನೆಟ್ಟಗೇ ಆಗುತ್ತಿತ್ತು, ಹಾಗಾಗಿ ಉತ್ತರ ತಪ್ಪಿದ್ದರೂ ಚೊಲೋ ಆಜು ಬರುತ್ತಿತ್ತು. ಬಡಿಸದ ಊಟವನ್ನು ಹೊಗಳುವ ನೆಂಟನನ್ನು ನಾನು ಸೃಷ್ಟಿಸಿದ್ದೆ, ಅಂದರೆ ನನ್ನನ್ನೇ.

ಅಕ್ಕೋರು ಬೈಯಲಿಲ್ಲ. ಸಿದ್ದಾಪುರದ ಆಸ್ಪತ್ರೆಯ ಡಾಕ್ಟರಿಗೆ ಫೋನ್ ಮಾಡಿ, ನಮ್ಮ ಪರೀಕ್ಷೆಯೇ ಸರಿಯಿಲ್ಲ, ನಾಳೆ ಬರುವುದಿಲ್ಲ ಎಂದರು. ಹಾಗಾದರೆ ಹುಬ್ಬಳ್ಳಿಯವರನ್ನು ಕರೆಸಬೇಕಾದೀತು ಎಂದು ಆ ಕಡೆಯಿಂದ ಅಂದದ್ದು ನಮಗೂ ಕೇಳಿಸಿತು. "ಅಡ್ಡಿಲ್ಲೆ, ಕರೆಸಿ" ಎಂದು ರಿಸೀವರ್ ಇಟ್ಟರು. ಇಟ್ಟ ಕೈ ಸ್ವಲ್ಪ ಹೊತ್ತು ಅದರ ಮೇಲೇ ಇತ್ತು.

ಫಂಕ್ಷನ್ ತಿದ್ದಿ ಓಡಿಸಿದಾಗ ಒಂದು ಪರೀಕ್ಷೆ ಕೂಗಿತು. ತಿಂಗಳನ್ನು ಮೊದಲು, ವರ್ಷವನ್ನು ಆಮೇಲೆ ನೋಡುತ್ತಿದ್ದ ನಮ್ಮ ಪ್ರೋಗ್ರಾಮಿಗೆ, ಹೋದ ವರ್ಷದ ಡಿಸೆಂಬರಿಗೇ ಅವಧಿ ಮುಗಿದ ಮಾತ್ರೆ ಈ ವರ್ಷದ ಜೂನಿನಲ್ಲೂ ಒಳ್ಳೆಯದಾಗಿಯೇ ಕಂಡಿತ್ತು. ಅಕ್ಕೋರು ಅದನ್ನು ಸರಿಮಾಡಿದರು. ಫಂಕ್ಷನ್ನಿನಲ್ಲಿದ್ದ ನನ್ನ ತಮಾಷೆಯ ಸಾಲನ್ನು ಮಾತ್ರ ಅಳಿಸದೆ ಬಿಟ್ಟರು.

ಮುಂದಿನ ವಾರ ಸಿದ್ದಾಪುರಕ್ಕೆ ಹೋದೆವು. ಹುಬ್ಬಳ್ಳಿಯವರನ್ನು ತಾವು ಕರೆಸಿಯೇ ಇಲ್ಲವೆಂದು ಡಾಕ್ಟರು ಆಗ ಹೇಳಿದರು. ಕೆಲಸ ನಮಗೇ ಸಿಕ್ಕಿತು, ಮಾಳಿಗೆ ಉಳಿಯಿತು. ಇಂದಿಗೂ ನಾನು ಯಾವ ಪರೀಕ್ಷೆ ಬರೆದರೂ ಮೊದಲ ಸಲ ಪ್ರೋಗ್ರಾಮನ್ನು ಅಡಗಿಸಿಟ್ಟೇ ಓಡಿಸುವುದು. ದನಿಯನ್ನು ಅಕ್ಕೋರಿಂದ ಕದ್ದಿದ್ದೆ. ಈ ಅಭ್ಯಾಸವನ್ನು ಅವರೇ ಕೊಟ್ಟರು.

ಅವತ್ತು ತಿರುಗಿ ಬರುವಾಗ, ಬಸ್ಸು ಕಾನಸೂರು ದಾಟುತ್ತಿದ್ದಂತೆ, ಇವತ್ತಾದರೂ ನಿಮ್ಮ ಬಾಯಿಂದ ಒಂದು ಸಲ ಚೊಲೋ ಆಜು ಅನ್ನಿ ಅಕ್ಕೋರೆ ಎಂದು ಗೋಗರೆದೆ. ಕಿಟಕಿಯಿಂದ ಮುಖ ತಿರುಗಿಸದೆ ಅವರೆಂದರು:

"ಅದ್ಕೇ ಒಂದು ಫಂಕ್ಷನ್ ಬರದಿಟ್ಟಿದ್ಯಲಾ ತಮಾ, ಅದ್ರ ಹತ್ರನೇ ಕೇಳು. ಈಗ ಅದು ಸುಳ್ಳು ಹೇಳ್ತಿಲ್ಲೆ."