ಎರಡು ಬಾಗಿಲಿನ ಗಾಡಿ

ನನಗೆ ಹದಿನೆಂಟು ತುಂಬಿದ ವರ್ಷ ಡ್ರೈವಿಂಗ್ ಲೈಸೆನ್ಸ್ ಸಿಕ್ಕಿತು. ಐವತ್ತರ ದಶಕದ ಮುಂಬಯಿಯಲ್ಲಿ, ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ, ಅದನ್ನು ಪಡೆದ ಮೊದಲ ಹುಡುಗಿ ನಾನೇ. ಇದನ್ನು ಹೇಳುವಾಗ ಈಗಲೂ ಸ್ವಲ್ಪ ಜಂಬ ಬರುತ್ತದೆ. ಬರಲಿ.

ನಿಜವಾಗಿ ಕಲಿಯಲು ಹೊರಟವರು ಅಪ್ಪಯ್ಯ. ಉಡುಪಿ ಕಡೆಯಿಂದ ಬಂದು ಸ್ಟೇಷನ್ನಿನ ಎದುರು ಹೋಟೆಲು ನಡೆಸುತ್ತಿದ್ದ ಅವರು ಡ್ರೈವಿಂಗ್ ಸ್ಕೂಲಿಗೆ ಸೇರಿದ್ದರು, ನಾನು ಸುಮ್ಮನೆ ಹಿಂದಿನ ಸೀಟಿನಲ್ಲಿ ಕೂತು ಹೋಗುತ್ತಿದ್ದೆ. ನಾಲ್ಕನೆಯ ದಿನ ಗಾಡಿಯನ್ನು ದೀಪದ ಕಂಬಕ್ಕೆ ಮುಟ್ಟಿಸಿ ಕೆಳಗಿಳಿದವರು, ಇಷ್ಟು ವರ್ಷ ಒಲೆಯ ಮುಂದೆ ನಿಂತ ಕಾಲಿಗೆ ಕ್ಲಚ್ಚು ಒಗ್ಗುವುದಿಲ್ಲವೆಂದು ಹೇಳಿ, ಉಳಿದ ಪಾಠಗಳನ್ನೆಲ್ಲ ನನಗೆ ಕೊಡಿಸಿದರು. ಲೈಸೆನ್ಸ್ ಬಂದ ದಿನ ಆ ಪುಟ್ಟ ಪುಸ್ತಕವನ್ನು ಗಲ್ಲಾದ ಮೇಲೆ ಇಟ್ಟುಕೊಂಡು ಬಿಲ್ಲು ಕೊಡಲು ಬಂದವರಿಗೆಲ್ಲ ತೋರಿಸಿದರು. ಪೂರಿ ಭಾಜಿ ತಿಂದು ಲೋಕಲ್ ಹಿಡಿಯಲು ಓಡುವವನಿಗೆ ನನ್ನ ಲೈಸೆನ್ಸ್ ಕಟ್ಟಿಕೊಂಡು ಏನಾಗಬೇಕಿತ್ತು? ಆದರೂ ಅದನ್ನು ನೋಡದೆ ಯಾರಿಗೂ ಚಿಲ್ಲರೆ ಸಿಗುತ್ತಿರಲಿಲ್ಲ.

ಕಾರು ಕೊಳ್ಳುವ ಮಾತು ಬಂದಾಗ ಮಾವ ನಡುವೆ ಬಂದರು. ಅವರು ಅಮ್ಮನ ತಮ್ಮ, ಹೋಟೆಲಿನ ಪಾಲುದಾರ. ಅವರ ಪ್ರಕಾರ ನಾಲ್ಕು ಬಾಗಿಲಿನ ದೊಡ್ಡ ಗಾಡಿಯೇ ಆಗಬೇಕು, ಊರಿನವನೊಬ್ಬನನ್ನು ಡ್ರೈವರ್ ಆಗಿ ಇಡಬೇಕು, ಯಜಮಾನರು ಹಿಂದೆ ಕೂರಬೇಕು. ನಾನು ಬೇಕಾದರೆ ಭಾನುವಾರ ಕಾಲೋನಿಯೊಳಗೆ ಒಂದು ಸುತ್ತು ಹಾಕಬಹುದು. ಪ್ರಾಯಕ್ಕೆ ಬಂದ ಹುಡುಗಿ ಪೇಟೆಯಲ್ಲಿ ಗಾಡಿ ಓಡಿಸಿದರೆ ನಾಳೆ ಸಂಬಂಧ ಕೇಳಿಕೊಂಡು ಬರುವವರು ಏನೆಂದುಕೊಂಡಾರು ಎಂಬುದು ಅವರ ಚಿಂತೆ. ಡ್ರೈವರನ್ನು ಅವರು ಗೊತ್ತುಮಾಡಿಯೂ ಆಗಿತ್ತು. ಅಪ್ಪಯ್ಯ ಮಾತ್ರ ಅಡ್ಡಗೋಡೆಯ ಮೇಲೆ ದೀಪವಿಟ್ಟ ಹಾಗೆ, ನೋಡುವ, ನೋಡುವ ಎಂದರು. ನನಗೋ ಮೂಗಿನ ತುದಿಯಲ್ಲೇ ಸಿಟ್ಟು. ಇಬ್ಬರೊಡನೆಯೂ ಎರಡು ದಿನ ಮಾತು ಬಿಟ್ಟೆ. ಲೈಸೆನ್ಸ್ ನನ್ನದು, ಸ್ಟಿಯರಿಂಗ್ ಇನ್ನೊಬ್ಬನದು ಎಂದಾದರೆ ನಾನು ಕಲಿತದ್ದು ಯಾವ ಪುರುಷಾರ್ಥಕ್ಕೆ?

ಮೂರನೆಯ ದಿನ ಮೂವರೂ ಸಾಯನ್‌ನ ಒಂದು ಗ್ಯಾರೇಜಿಗೆ ಹೋದೆವು. ಮಾರಾಟಕ್ಕೆ ಎರಡು ಹಳೆಯ ಗಾಡಿಗಳಿದ್ದವು. ಒಂದು ಕರಿ ಬಣ್ಣದ, ಮಂಚದಷ್ಟು ಅಗಲದ ಸೀಟಿನ ಅಮೆರಿಕನ್ ಗಾಡಿ. ಇನ್ನೊಂದು ಎರಡೇ ಬಾಗಿಲಿನ ಪುಟ್ಟ ಹಸಿರು ಗಾಡಿ. ಅದರ ಹಿಂದಿನ ಸೀಟಿಗೆ ಹೋಗಬೇಕಾದರೆ ಮುಂದಿನ ಸೀಟನ್ನು ಮಡಚಿ, ಸಂದಿಯಲ್ಲಿ ನುಸುಳಬೇಕು. ನನಗೆ ಹಸಿರು ಗಾಡಿಯ ಮೇಲೆ ಕಂಡ ಕೂಡಲೇ ಆಸೆಯಾಯಿತು. ಹೇಳಿದರೆ ಕೆಟ್ಟೀತೆಂದು ಬಾಯಿ ಮುಚ್ಚಿಕೊಂಡೆ.

ಮಾವ ಕರಿ ಗಾಡಿಯ ಹಿಂಬಾಗಿಲು ತೆರೆದು ಹಿಡಿದರು. ಅಪ್ಪಯ್ಯ ಒಳಗೆ ಕಾಲು ಚಾಚಿ ಕೂತು, ತಲೆ ಆಡಿಸಿ, ಇಳಿದು ಬಂದರು. ಆಮೇಲೆ ಹಸಿರು ಗಾಡಿಯ ಮುಂದಿನ ಸೀಟು ಮಡಚಿಸಿ ಹಿಂದಕ್ಕೆ ನುಗ್ಗಿದರು. ಮೊದಲು ತಲೆ ಹೋಯಿತು, ಹೊಟ್ಟೆ ಸಿಕ್ಕಿಹಾಕಿಕೊಂಡಿತು, ಪಂಚೆಯ ತುದಿ ಸೀಟಿನ ಅಡಿಯಲ್ಲೆಲ್ಲೋ ಕಚ್ಚಿಕೊಂಡಿತು. ಹೊರಗೆ ತೆಗೆಯಲು ಮಾವನೂ ಗ್ಯಾರೇಜಿನವನೂ ಸೇರಿ ಎಳೆಯಬೇಕಾಯಿತು. ಮಾವ ಬಾಯಿತುಂಬ ನಕ್ಕರು. ನನ್ನ ಕತೆ ಮುಗಿಯಿತು ಎಂದುಕೊಂಡೆ. ಆದರೆ ಅಪ್ಪಯ್ಯ ಸುತ್ತು ಹಾಕಿ ಹೋಗಿ ಇನ್ನೊಂದು ಬಾಗಿಲಿನಿಂದಲೂ ನುಗ್ಗಿ ನೋಡಿದರು. ಅಲ್ಲಿಯೂ ಅದೇ ಪಾಡು. ಹೊರಬಂದು ಬೆವರು ಒರೆಸಿಕೊಂಡು, ಇದೇ ಆಗಬಹುದು ಎಂದರು.

"ಭಾವ, ಇದ್ರಲ್ಲಿ ನಿಮಗೆ ಹಿಂದೆ ಕೂರ್ಲಿಕ್ಕೇ ಆಗುದಿಲ್ಲ," ಎಂದರು ಮಾವ.

"ಅದನ್ನೇ ಎರಡು ಸರ್ತಿ ನೋಡಿದ್ದು. ಹಿಂದೆ ಕೂರ್ಲಿಕ್ಕೆ ಆಗದ ಮೇಲೆ ಡ್ರೈವರನ್ನು ಇಟ್ಟು ಎಂತ ಮಾಡುದು? ನಾನು ಮುಂದೆ ಮಗಳ ಹತ್ರ ಕೂರ್ತೇನೆ."

ಡ್ರೈವರನ ಪಕ್ಕದಲ್ಲಿ ಯಜಮಾನ ಕೂರುವ ಪದ್ಧತಿ ಆಗ ಇರಲಿಲ್ಲ. ಮಾವ ಹೋಗಿ ಕರಿ ಗಾಡಿಯ ಹಿಂಬಾಗಿಲು ಮುಚ್ಚಿದರು. ಎರಡು ದಿನ ಇಂಥ ಮನುಷ್ಯನೊಡನೆ ಮಾತು ಬಿಟ್ಟಿದ್ದೆನಲ್ಲ ಎಂದು ನನಗೆ ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚು ಹೆಮ್ಮೆಯಾಯಿತು. ಗ್ಯಾರೇಜಿನ ಎಣ್ಣೆ ಕಲೆಗಳ ನಡುವೆ ನಿಂತು ಕಣ್ಣೀರು ತಡೆದುಕೊಂಡೆ.

ಕಾಗದಪತ್ರ ಮುಗಿದ ಮೇಲೆ ಗಾಡಿ ತರಲು ಹೋದವರೂ ನಾವೇ ಮೂವರು. ಚಕ್ರಗಳ ಅಡಿಗೆ ನಿಂಬೆಹಣ್ಣು ಇಟ್ಟು ಹೊರಟೆವು. ಮಾವ ಸಪೂರ ಆಳು, ಹಿಂದೆ ನುಸುಳಿ ಕೂತರು. ಸಾಯನ್ ದಾಟುವಾಗ ಬಸ್ಸಿನ ಹಿಂದೆ ಗಾಡಿ ಒಮ್ಮೆ ನಿಂತೇ ಹೋಯಿತು. ಹಿಂದಿನವರೆಲ್ಲ ಹಾರ್ನ್ ಹೊಡೆದರು. ಮಾವ ದೇವರನ್ನು ನೆನೆದದ್ದು ಕೇಳಿಸಿತು. ಅಪ್ಪಯ್ಯ ಮೊಣಕಾಲ ಮೇಲೆ ಕೈ ಇಟ್ಟುಕೊಂಡು, ಕಂಬವೇ ಇಲ್ಲದ ರಸ್ತೆಯಲ್ಲಿ ಹೋಗುವವರಂತೆ ನಿಶ್ಚಿಂತೆಯಿಂದ ಕೂತಿದ್ದರು. ಮತ್ತೆ ಸ್ಟಾರ್ಟ್ ಮಾಡಿದೆ. ಚೆಂಬೂರಿನ ತನಕ ಇನ್ನೆಲ್ಲೂ ನಿಲ್ಲಲಿಲ್ಲ.

ಹೋಟೆಲಿನ ಎದುರು ನಿಲ್ಲಿಸಿದಾಗ ಅಡುಗೆಯವರು, ಗಿರಾಕಿಗಳು ಎಲ್ಲ ಹೊರಗೆ ಬಂದಿದ್ದರು. ನಾನು ಇಳಿದು ಸೀಟು ಮಡಚಿದ ಮೇಲೆಯೇ ಮಾವನಿಗೆ ಹೊರಬರಲು ಆದದ್ದು. ಅವರು ಅಂಗಿ ಸರಿಮಾಡಿಕೊಂಡು, ಅಭ್ಯಾಸಬಲದಿಂದ ಅಪ್ಪಯ್ಯನ ಕಡೆಗೆ ತಿರುಗಿ, ನಾಳೆ ಬೆಳಿಗ್ಗೆ ತರಕಾರಿ ತರಲಿಕ್ಕೆ ಗಾಡಿ ಸಿಗುತ್ತದೆಯೇ ಎಂದು ಕೇಳಿದರು.

"ನನ್ನನ್ನು ಎಂತ ಕೇಳುದು? ಗಾಡಿ ಅವಳದ್ದು."

ಅಷ್ಟು ಜನರ ಎದುರು ಮಾವ ನನ್ನ ಕಡೆಗೆ ತಿರುಗಿದರು. ಅವರಿಗೆ ನನಗೆ ಅಪ್ಪಣೆ ಕೊಟ್ಟು ಗೊತ್ತಿತ್ತೇ ಹೊರತು, ನನ್ನನ್ನು ಎಂದೂ ಏನೂ ಕೇಳಿದವರಲ್ಲ. ಆಗ್ತದಾ ಮಗಾ ಎಂದರು.

"ಎಷ್ಟು ಗಂಟೆಗೆ ಹೊರಡಬೇಕು ಮಾವ?" ಎಂದೆ.